ಚೆಂಗ್ಡುವಿನಲ್ಲಿ ಒಂದು ತಿಂಗಳು: ಊರು ನೋಡುವ, ನಾಲಿಗೆ ಪಳಗಿಸುವ ಸಮಗ್ರ ಮಾರ್ಗದರ್ಶಿ

ಚೀನಾದ ನೈರುತ್ಯ ಭಾಗದ ಸಿಚುವಾನ್ ಪ್ರಾಂತ್ಯಕ್ಕೆ ಚೆಂಗ್ಡು ರಾಜಧಾನಿ. ಎರಡು ಕೋಟಿಗೂ ಹೆಚ್ಚು ಜನರಿರುವ ಈ ಮಹಾನಗರಕ್ಕೆ ಪ್ರವಾಸ ಸಂಸ್ಥೆಗಳು ಕೊಡುವುದು ಎರಡು ದಿನ. ಒಂದು ಪಾಂಡಾಕ್ಕೆ, ಇನ್ನೊಂದು ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ಬೇಯಿಸಿಕೊಂಡು ತಿನ್ನುವ ಖಾರದ ಹಾಟ್‌ಪಾಟ್‌ಗೆ. ಅಷ್ಟರಲ್ಲಿ ಊರು ಕಣ್ಣಿಗೆ ಬೀಳುತ್ತದೆಯೇ ಹೊರತು ಕೈಗೆ ಸಿಗುವುದಿಲ್ಲ. ಮಧ್ಯಾಹ್ನವಿಡೀ ಬಿದಿರು ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುವುದನ್ನು ಕಾಲಹರಣ ಎಂದು ಯಾರೂ ಭಾವಿಸದ ಜಾಗ ಇದು. ಇಲ್ಲಿ ಮೂರು-ನಾಲ್ಕು ವಾರ ಉಳಿಯುವ ಅವಕಾಶವಿರುವವರಿಗಾಗಿ ಈ ಬರಹ. ಇಡೀ ಯೋಜನೆಗೆ ಸೂತ್ರ ಒಂದೇ: ಬೆಳಗ್ಗೆ ಒಂದು ದೊಡ್ಡ ಜಾಗ, ಮಧ್ಯಾಹ್ನ ಚಹಾ, ಸಂಜೆ ಊಟ. ದಿನಕ್ಕೆ ಎರಡನೆಯ ದೊಡ್ಡ ಜಾಗವನ್ನು ತುರುಕಬೇಡಿ.

ಹೆಜ್ಜೆ 1: ತಿಂಗಳನ್ನು ಆರಿಸಿಕೊಳ್ಳಿ

ಮಾರ್ಚ್‌ನಿಂದ ಜೂನ್ ಆರಂಭದವರೆಗೆ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಹೋಗಿ. ಜುಲೈ, ಆಗಸ್ಟ್ ತಿಂಗಳಲ್ಲಿ ಸೆಖೆಯೂ ಮಳೆಯೂ ಒಟ್ಟಿಗೆ ಕಾಡುತ್ತವೆ. ಅಕ್ಟೋಬರ್ ಮೊದಲ ವಾರ, ಮೇ ತಿಂಗಳ ಮೊದಲ ಐದು ದಿನ ಮತ್ತು ಚೀನೀ ಹೊಸವರ್ಷದ ವಾರಗಳಲ್ಲಿ ದೇಶವೇ ರಜೆಯಲ್ಲಿರುತ್ತದೆ. ಆಗ ರೈಲು ಟಿಕೆಟ್ ಸಿಗದು, ಸಿಕ್ಕ ಕಡೆ ಕಾಲಿಡಲು ಜಾಗವಿರದು.

ಆಕಾಶ ಸದಾ ಬೂದುಬಣ್ಣದ್ದೇ ಎಂಬುದಕ್ಕೆ ಸಿದ್ಧರಾಗಿ. ಶು ಎಂಬುದು ಸಿಚುವಾನಿನ ಹಳೆಯ ಹೆಸರು. ಶು ನಾಡಿನ ನಾಯಿಗಳು ಸೂರ್ಯನನ್ನು ಕಂಡರೆ ಬೊಗಳುತ್ತವೆ ಎಂಬ ಗಾದೆಯೇ ಇದೆ. ಬಿಸಿಲು ಬಂದ ದಿನ ಊರಿನವರೆಲ್ಲ ಉದ್ಯಾನಗಳಿಗೆ ಹೊರಟುಬಿಡುತ್ತಾರೆ. ಆ ದಿನ ವಸ್ತುಸಂಗ್ರಹಾಲಯದ ಯೋಜನೆಯಿದ್ದರೆ ಕೈಬಿಟ್ಟು ನೀವೂ ಹೊರಡಿ.

ಹೆಜ್ಜೆ 2: ಕಾಗದಪತ್ರ ಮತ್ತು ಮೊಬೈಲ್

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಪ್ರವಾಸಿ ವೀಸಾ ಕಡ್ಡಾಯ. ಹಲವು ದೇಶದವರಿಗೆ ಸಿಗುವ ಹತ್ತು ದಿನಗಳ ವೀಸಾರಹಿತ ಸಾಗಣೆ ಸೌಲಭ್ಯದ ಪಟ್ಟಿಯಲ್ಲಿ ಭಾರತವಿಲ್ಲ. ಹೋಟೆಲಿನಲ್ಲಿ ಇಳಿದರೆ ಪೊಲೀಸ್ ನೋಂದಣಿಯನ್ನು ಅವರೇ ಮಾಡುತ್ತಾರೆ. ಗೆಳೆಯರ ಮನೆಯಲ್ಲೋ ಬಾಡಿಗೆ ಮನೆಯಲ್ಲೋ ಉಳಿದರೆ 24 ಗಂಟೆಯೊಳಗೆ ಹತ್ತಿರದ ಠಾಣೆಯಲ್ಲಿ ನೋಂದಣಿ ಆಗಬೇಕು. ವೀಸಾದಲ್ಲಿ ಬರೆದ ದಿನಗಳು ಸಾಲದಿದ್ದರೆ ನಗರದ ವಲಸೆ ಕಚೇರಿಯಲ್ಲಿ ವಿಸ್ತರಣೆ ಕೇಳಬಹುದು. ಅವಧಿ ಮುಗಿಯಲು ಕನಿಷ್ಠ ಏಳು ದಿನ ಇರುವಾಗಲೇ ಅರ್ಜಿ ಹಾಕಬೇಕು, ಮತ್ತು ಆ ಅರ್ಜಿಗೂ ನೋಂದಣಿ ಚೀಟಿ ಬೇಕು. ಆದ್ದರಿಂದ ಆ ಚೀಟಿಯನ್ನು ಜೋಪಾನ ಮಾಡಿ.

ಹೊರಡುವ ಮುನ್ನ ಊರಿನಲ್ಲಿಯೇ ಅಲಿಪೇ ಮತ್ತು ವೀಚಾಟ್ ಆ್ಯಪ್‌ಗಳನ್ನು ಹಾಕಿಕೊಂಡು, ಪಾಸ್‌ಪೋರ್ಟ್ ಪರಿಶೀಲನೆ ಮುಗಿಸಿ, ಅಂತರರಾಷ್ಟ್ರೀಯ ವ್ಯವಹಾರಕ್ಕೆ ತೆರೆದ ವೀಸಾ ಅಥವಾ ಮಾಸ್ಟರ್ ಕಾರ್ಡನ್ನು ಜೋಡಿಸಿ. ಬೀದಿಬದಿ ಆಲೂಗಡ್ಡೆ ಮಾರುವವರಿಂದ ಮೆಟ್ರೋದವರೆಗೆ ಎಲ್ಲವೂ ಈ ಆ್ಯಪ್‌ಗಳ ಕ್ಯೂಆರ್ ಕೋಡ್ ಮೂಲಕ ಕೊಡುವ ಹಣದಲ್ಲೇ ನಡೆಯುತ್ತದೆ. ಅಲಿಪೇಯಲ್ಲಿ 200 ಯುವಾನ್ ಒಳಗಿನ ಪಾವತಿಗೆ ವಿದೇಶಿ ಕಾರ್ಡಿನ ಮೇಲೆ ಹೆಚ್ಚುವರಿ ಶುಲ್ಕವಿಲ್ಲ, ದಾಟಿದರೆ ನೂರಕ್ಕೆ ಮೂರು. ಒಂದು ಯುವಾನ್ ಎಂದರೆ ಸುಮಾರು 12ರಿಂದ 13 ರೂಪಾಯಿ. ಮೊಬೈಲ್ ಕೈಕೊಟ್ಟರೆ ಇರಲಿ ಎಂದು ನಾಲ್ಕೈದು ನೂರು ಯುವಾನ್ ನಗದನ್ನು ಬೇರೆ ಜೇಬಿನಲ್ಲಿಡಿ.

ಗೂಗಲ್, ವಾಟ್ಸ್‌ಆ್ಯಪ್ ಅಲ್ಲಿನ ಜಾಲದಲ್ಲಿ ತೆರೆಯುವುದಿಲ್ಲ. ಭಾರತದ ಸಿಮ್‌ನ ರೋಮಿಂಗ್ ಅಥವಾ ಪ್ರವಾಸಿಗರ ಇ-ಸಿಮ್ ಇದ್ದರೆ ಸಾಮಾನ್ಯವಾಗಿ ತೆರೆಯುತ್ತವೆ. ಭೂಪಟಕ್ಕೆ ಅಮ್ಯಾಪ್ ಎಂಬ ಸ್ಥಳೀಯ ಆ್ಯಪ್ ಹಾಕಿಕೊಳ್ಳಿ. ಗೂಗಲ್ ಭೂಪಟ ತೆರೆದರೂ ಚೀನಾದಲ್ಲಿ ಅದು ತೋರಿಸುವ ಜಾಗ ಕೆಲವು ನೂರು ಮೀಟರ್ ಅತ್ತಿತ್ತ ಇರುತ್ತದೆ.

ಹೆಜ್ಜೆ 3: ಮೆಟ್ರೋ ನೋಡಿ ಮನೆ ಹಿಡಿಯಿರಿ

ಊರಿಗೆ ಎರಡು ವಿಮಾನ ನಿಲ್ದಾಣಗಳಿವೆ. ಹಳೆಯ ಶುವಾಂಗ್ಲಿಯು ಹತ್ತಿರ. 2021ರಲ್ಲಿ ತೆರೆದ ತಿಯಾನ್‌ಫು ದೂರ. ಟಿಕೆಟ್‌ನಲ್ಲಿ ಯಾವುದೆಂದು ನೋಡಿಕೊಳ್ಳಿ. ತಿಯಾನ್‌ಫುವಿನಿಂದ 18ನೆಯ ಮಾರ್ಗದ ಮೆಟ್ರೋ ಚೆಂಗ್ಡು ದಕ್ಷಿಣ ರೈಲು ನಿಲ್ದಾಣಕ್ಕೆ ತಲುಪಿಸುತ್ತದೆ.

ಉಳಿಯಲು ನಾನು ಹೇಳುವುದು ವೆನ್‌ಶು ವಿಹಾರದ ಸುತ್ತಲಿನ ಬೀದಿಗಳನ್ನು. ಒಂದನೆಯ ಮಾರ್ಗದ ಮೆಟ್ರೋ ಬಾಗಿಲಲ್ಲೇ ಇದೆ, ಹಳೆಯ ತಿಂಡಿ ಅಂಗಡಿಗಳಿವೆ, ಸಸ್ಯಾಹಾರಿಗಳಿಗೆ ಕಷ್ಟದ ದಿನ ಓಡಿಹೋಗಲು ವಿಹಾರದ ಊಟವಿದೆ. ಚುನ್‌ಷಿ ರಸ್ತೆ, ತೈಕೂ ಲಿ ಕಡೆ ಹೊಳೆಯುವ ಮಾಲ್‌ಗಳು, ಕಟ್ಟಡ ಹತ್ತುವ ದೈತ್ಯ ಪಾಂಡಾ ಶಿಲ್ಪ ಎಲ್ಲ ಇವೆ. ಒಂದು ಸಂಜೆಗೆ ಚೆಂದ, ಒಂದು ತಿಂಗಳಿಗೆ ಬೇಡ.

ಹೆಜ್ಜೆ 4: ಮೊದಲ ಮೂರು ದಿನ ಕುಳಿತುಕೊಳ್ಳಿ

ಇಳಿದ ಮರುದಿನವೇ ಪಾಂಡಾ ನೋಡಲು ಓಡಬೇಡಿ. ಮೊದಲು ಜನರ ಉದ್ಯಾನಕ್ಕೆ ಹೋಗಿ (ಮೆಟ್ರೋ 2ನೆಯ ಮಾರ್ಗ, ಅದೇ ಹೆಸರಿನ ನಿಲ್ದಾಣ). ಅಲ್ಲಿನ ಹೆಮಿಂಗ್ ಚಹಾಮಂದಿರ 1920ರ ದಶಕದಿಂದ ಇದೆ. ಕೆರೆಯಂಚಿನ ಬಿದಿರು ಕುರ್ಚಿಯಲ್ಲಿ ಕುಳಿತು ಮಲ್ಲಿಗೆ ಚಹಾ ಕೇಳಿ. ಸಿಚುವಾನ್‌ನದೇ ಎಲೆ ಬೇಕೆಂದರೆ ಎಮೇ ಬೆಟ್ಟದ ಝೂಯೆಚಿಂಗ್ ಎಂಬ ಹಸಿರು ಚಹಾ ಕೇಳಿ. ತಟ್ಟೆ, ಬಟ್ಟಲು, ಮುಚ್ಚಳ ಮೂರೂ ಸೇರಿದ ಗಾಯ್ವಾನ್ ಬರುತ್ತದೆ. ಹಾಲು, ಸಕ್ಕರೆ ಕೇಳಬೇಡಿ, ಇರುವುದಿಲ್ಲ. ಮುಚ್ಚಳದಿಂದ ಎಲೆಗಳನ್ನು ಆಚೆ ಸರಿಸಿ, ಸಣ್ಣ ಸಂದಿಯಿಂದ ಹೀರಬೇಕು. ಒಮ್ಮೆ ಹಣ ಕೊಟ್ಟರೆ ಸಂಜೆಯವರೆಗೆ ಬಿಸಿನೀರು ಸುರಿಯುತ್ತಲೇ ಇರುತ್ತಾರೆ. ನೀರು ಬೇಕಾದಾಗ ಮುಚ್ಚಳವನ್ನು ತೆರೆದಿಡಿ. ಎದ್ದು ಹೋಗಿ ಬರುವುದಿದ್ದರೆ ಅದನ್ನು ಕುರ್ಚಿಯ ಮೇಲಿಡುವುದು ಹಳೆಯ ರೂಢಿ.

ಲೋಹದ ಚಿಮಟಿಯನ್ನು ಟಿಂಗ್ ಎನ್ನಿಸುತ್ತ ಬರುವವರು ಕಿವಿ ಶುಚಿ ಮಾಡುವ ಕಸುಬಿನವರು. ಬೇಡವೆಂದರೆ ತಲೆಯಾಡಿಸಿದರೆ ಸಾಕು. ಪಕ್ಕದ ಕಾಲುದಾರಿಯಲ್ಲಿ ಮದುವೆ ವಯಸ್ಸಿನ ಮಕ್ಕಳ ಎತ್ತರ, ಓದು, ಸಂಬಳ ಬರೆದ ಹಾಳೆಗಳನ್ನು ತಂದೆತಾಯಂದಿರು ತೂಗುಹಾಕಿರುತ್ತಾರೆ. ಅನುವಾದ ಆ್ಯಪ್ ಹಿಡಿದು ಓದಿ ನೋಡಿ, ಬೇಡಿಕೆಗಳೆಲ್ಲ ನಮಗೆ ಪರಿಚಿತವೇ.

ಎರಡನೆಯ ದಿನ ವೆನ್‌ಶು ವಿಹಾರ. ಪ್ರವೇಶಕ್ಕೆ ದುಡ್ಡಿಲ್ಲ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಇಮ್ಮಡಿ ಪುಲಕೇಶಿಯ ಜೊತೆಗೆ ಬರುವ ಹ್ಯೂಯೆನ್ ತ್ಸಾಂಗ್ ಪೂರ್ಣ ಭಿಕ್ಷು ದೀಕ್ಷೆ ಪಡೆದದ್ದು 622ರಲ್ಲಿ, ಇದೇ ಚೆಂಗ್ಡುವಿನಲ್ಲಿ. ಆತನದೆಂದು ನಂಬಲಾದ ತಲೆಬುರುಡೆಯ ಒಂದು ಚೂರು ವೆನ್‌ಶು ವಿಹಾರದಲ್ಲಿದೆ. ಮೂರನೆಯ ದಿನ ತಿಯಾನ್‌ಫು ಚೌಕದ ಚೆಂಗ್ಡು ವಸ್ತುಸಂಗ್ರಹಾಲಯ; ಇದೂ ಉಚಿತ, ಸೋಮವಾರ ರಜೆ. ಮೇಲಿನ ಅಂತಸ್ತಿನ ತೊಗಲುಗೊಂಬೆಗಳ ಸಂಗ್ರಹವನ್ನು ಬಿಡಬೇಡಿ.

ಹೆಜ್ಜೆ 5: ನಾಲಿಗೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿ

ಯುನೆಸ್ಕೋ 2010ರಲ್ಲಿ ಆಹಾರ ಸಂಸ್ಕೃತಿಯ ನಗರವೆಂದು ಏಷ್ಯಾದಲ್ಲಿ ಮೊದಲು ಗುರುತಿಸಿದ್ದು ಚೆಂಗ್ಡುವನ್ನು. ಅದಕ್ಕೆ ಕಾರಣ ಬರಿಯ ಖಾರವಲ್ಲ. ಮೆಣಸಿನಕಾಯಿ ನಮ್ಮಲ್ಲಿಗೆ ಬಂದಂತೆ ಅಲ್ಲಿಗೂ ಅಮೆರಿಕ ಖಂಡದಿಂದ ತಡವಾಗಿ ಬಂದದ್ದು. ನೆಲದ ಮಸಾಲೆ ಹ್ವಾಜಿಯಾವ್. ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ: ಮೀನು ಸಾರಿಗೆ ಹಾಕುವ ಜುಮ್ಮನಕಾಯಿಯ ಹತ್ತಿರದ ನೆಂಟ ಅದು, ಒಂದೇ ಸಸ್ಯಕುಲ. ಉಳಿದವರಿಗೆ ಹೇಳುವುದಾದರೆ, ತುಟಿಯಲ್ಲಿ ಸಣ್ಣ ಮೋಟಾರು ಓಡಿದ ಅನುಭವ. ಅದರಲ್ಲಿರುವ ಸ್ಯಾನ್‌ಶೂಲ್ ಎಂಬ ಅಂಶ ಸ್ಪರ್ಶದ ನರಗಳನ್ನು ಕೆರಳಿಸುತ್ತದೆ. ಆ ಕಂಪನ ಸೆಕೆಂಡಿಗೆ ಸುಮಾರು 50 ಬಾರಿ ಎಂದು ಸಂಶೋಧಕರು ಅಳೆದೂ ಇದ್ದಾರೆ. ಖಾರ ತಡೆಯುವ ಕನ್ನಡಿಗರೂ ಈ ಜೋಮಿಗೆ ಮೊದಲು ಗಾಬರಿಯಾಗುತ್ತಾರೆ. ನೀರು ಕುಡಿದರೆ ಪ್ರಯೋಜನವಿಲ್ಲ, ಹತ್ತು ನಿಮಿಷ ಸುಮ್ಮನಿದ್ದರೆ ಅದೇ ಇಳಿಯುತ್ತದೆ.

ಮೊದಲ ವಾರ ಬೆಳಗಿನ ತಿಂಡಿಯಿಂದ ಶುರುಮಾಡಿ. ಬಿಸಿ ಸೋಯಾ ಹಾಲಿಗೆ ಯೌತಿಯಾವ್ ಎಂಬ ಕರಿದ ಹಿಟ್ಟಿನ ಕೋಲು, ಗಂಜಿಗೆ ಪಾವ್‌ತ್ಸಾಯ್ ಎಂಬ ಉಪ್ಪುನೀರಿನ ತರಕಾರಿ. ಉಡುಪಿಯವರಾಗಲಿ ಮಂಡ್ಯದವರಾಗಲಿ, ಗಂಜಿ ಉಪ್ಪಿನಕಾಯಿ ಮುಂದೆ ಬಂದರೆ ಪರದೇಶದ ಭಾವ ಅರ್ಧ ಇಳಿಯುತ್ತದೆ. ಬೀದಿಯಲ್ಲಿ ಅಲೆಅಲೆಯಾಗಿ ಕತ್ತರಿಸಿ ಕರಿದು ಮಸಾಲೆ ಬೆರೆಸಿದ ಆಲೂಗಡ್ಡೆ (ಲಾಂಗ್ಯಾ ತುದೌ), ಬೆಲ್ಲದ ಹೂರಣದ ಗ್ವೋಕುಯಿ ರೊಟ್ಟಿ, ಬೆಲ್ಲದ ಪಾಕ ಸುರಿದ ಬಿಂಗ್‌ಫೆನ್ ಎಂಬ ತಣ್ಣನೆಯ ಜೆಲ್ಲಿ ಸಿಗುತ್ತವೆ. ಸಾನ್ ದಾ ಪಾವ್ ಮಾಡುವುದನ್ನು ನಿಂತು ನೋಡಿ: ಅಂಟಕ್ಕಿಯ ಉಂಡೆಗಳನ್ನು ತಟ್ಟೆಗಳ ಮೇಲೆ ಧಡ್ ಎಂದು ಎಸೆದು, ಹುರಿದ ಸೋಯಾ ಹಿಟ್ಟಿನಲ್ಲಿ ಉರುಳಿಸಿ, ಬೆಲ್ಲ ಸುರಿದು ಕೊಡುತ್ತಾರೆ.

ಎರಡನೆಯ ವಾರ ನೂಡಲ್ಸ್ ಕಡೆ ತಿರುಗಿ. ತಿಯಾನ್‌ಶುಯ್ ಮಿಯಾನ್ ಎಂಬುದು ಪೆನ್ಸಿಲ್ ದಪ್ಪದ ಎಳೆಗಳಿಗೆ ಸಿಹಿ ಸೋಯಾ, ಎಳ್ಳು, ಮೆಣಸಿನೆಣ್ಣೆ ಸೇರಿದ ತಿನಿಸು. ಸಾಮಾನ್ಯವಾಗಿ ಮಾಂಸವಿಲ್ಲದೆಯೇ ಬರುತ್ತದೆ. ಹೆಸರುಕಾಳಿನ ಗಂಜಿಯನ್ನು ಹೆಪ್ಪುಗಟ್ಟಿಸಿ ಕತ್ತರಿಸಿದ ಲಿಯಾಂಗ್‌ಫೆನ್ ಕೂಡ ಹಾಗೆಯೇ. ದಾನ್‌ದಾನ್ ನೂಡಲ್ಸ್ ಮೇಲೆ ಹಂದಿಮಾಂಸದ ಪುಡಿ ಇರುತ್ತದೆ. ಮಾಪೋ ಟೋಫು (ಟೋಫು ಎಂದರೆ ಸೋಯಾ ಹಾಲಿನ ಪನೀರು) ಇದೇ ಊರಿನ ಹುಟ್ಟು. 19ನೆಯ ಶತಮಾನದಲ್ಲಿ ಸೇತುವೆಯ ಬಳಿ ಊಟದ ಅಂಗಡಿ ನಡೆಸುತ್ತಿದ್ದ, ಮುಖದಲ್ಲಿ ಸಿಡುಬಿನ ಕಲೆಗಳಿದ್ದ ಚೆನ್ ಮನೆತನದ ಹೆಂಗಸಿನ ಕೈರುಚಿ ಎಂದು ಹೇಳುತ್ತಾರೆ. ಅದರ ಜೀವಾಳ ಹತ್ತಿರದ ಪಿಶಿಯಾನ್‌ನಲ್ಲಿ ಅವರೆಯ ಜಾತಿಯ ಕಾಳು ಮತ್ತು ಮೆಣಸಿನಕಾಯಿಯನ್ನು ಬಿಸಿಲಿನಲ್ಲಿ ಹುದುಗಿಸಿ ಮಾಡುವ ದೌಬಾನ್ ಎಂಬ ಕೆಂಪು ಗೊಜ್ಜು. ಮೂಲ ಕ್ರಮದಲ್ಲಿ ಗೋಮಾಂಸದ ಪುಡಿ ಬೀಳುತ್ತದೆ, ತಿನ್ನದವರು ಮೊದಲೇ ಹೇಳಬೇಕು.

ಈಗ ಸಸ್ಯಾಹಾರಿಗಳಿಗೆ ಬಿಚ್ಚುಮಾತು. ತಟ್ಟೆಯಲ್ಲಿ ಮಾಂಸದ ಚೂರು ಕಾಣಲಿಲ್ಲ ಎಂದ ಮಾತ್ರಕ್ಕೆ ಅದು ಸಸ್ಯಾಹಾರವಾಗುವುದಿಲ್ಲ. ಹಂದಿ ಕೊಬ್ಬು, ಮೂಳೆಯ ಸಾರು, ಕೋಳಿಯ ರುಚಿಪುಡಿ ಮೂರೂ ಕಾಣದಂತೆ ಬೆರೆತಿರುತ್ತವೆ. ಹುರುಳಿಕಾಯಿ ಹುರಿದದ್ದು, ಬದನೆಕಾಯಿ ಗೊಜ್ಜು ಕೂಡ ಮಾಂಸದ ಪುಡಿಯೊಂದಿಗೆ ಬರುವುದು ಮಾಮೂಲು. “ವೋ ಚ್ರ್ ಸೂ” (ನಾನು ಸಸ್ಯಾಹಾರಿ) ಎಂಬುದನ್ನು ಬಾಯಿಪಾಠ ಮಾಡಿ. ಅಷ್ಟಕ್ಕೆ ನಿಲ್ಲದೆ ಮಾಂಸ, ಹಂದಿ ಕೊಬ್ಬು, ಮೂಳೆ ಸಾರು, ಕೋಳಿ ಪುಡಿ, ಮೊಟ್ಟೆ ಬೇಡ ಎಂದು ಬಿಡಿಬಿಡಿಯಾಗಿ ಬರೆದ ಚೀನೀ ವಾಕ್ಯವನ್ನು ಮೊಬೈಲಿನಲ್ಲಿ ಚಿತ್ರವಾಗಿ ಇಟ್ಟುಕೊಂಡು ಅಡುಗೆಯವರಿಗೇ ತೋರಿಸಿ. ಹುಳಿಖಾರದ ಆಲೂಗಡ್ಡೆ ಎಳೆ (ಸ್ವಾನ್‌ಲಾ ತುದೌ ಸ್ಸ್), ಒಣಮೆಣಸಿನಲ್ಲಿ ಹುರಿದ ಎಲೆಕೋಸು, ಮೊಟ್ಟೆ ತಿನ್ನುವವರಿಗೆ ಟೊಮೆಟೊ-ಮೊಟ್ಟೆ, ಅನ್ನ: ಯಾವ ಸಣ್ಣ ಅಂಗಡಿಯಲ್ಲೂ ಇವು ಆಗುತ್ತವೆ. ವೆನ್‌ಶು ವಿಹಾರದ ಊಟದಲ್ಲಿ ಮಾತ್ರ ಏನನ್ನೂ ಕೇಳಬೇಕಿಲ್ಲ. ಬೌದ್ಧ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ನಿಷಿದ್ಧ. ಜೈನರಿಗೂ ಅರ್ಧ ಚಿಂತೆ ಕಳೆಯಿತು. ಗಡ್ಡೆಗಳ ಬಗ್ಗೆ ಮಾತ್ರ ವಿಚಾರಿಸಿಕೊಳ್ಳಿ.

ಹಾಟ್‌ಪಾಟ್ ಅನ್ನು ಮೂರನೆಯ ವಾರಕ್ಕೆ ಇಡಿ. ಕೆಂಪು ಸಾರಿನ ಮೂಲ ಹೆಚ್ಚಿನ ಕಡೆ ದನದ ಕೊಬ್ಬು. ಅದು ಬೇಡವೆಂದರೆ “ಚಿಂಗ್ ಯೌ”, ಅಂದರೆ ಸಾಸಿವೆ ಜಾತಿಯ ಬೀಜದೆಣ್ಣೆಯ ಸಾರು ಕೊಡುವ ಅಂಗಡಿ ಹುಡುಕಿ. ಯುವಾನ್‌ಯಾಂಗ್ ಎಂಬ ಎರಡು ಭಾಗದ ಪಾತ್ರೆಯಲ್ಲಿ ಒಂದು ಕಡೆ ಕೆಂಪು, ಇನ್ನೊಂದು ಕಡೆ ಬಿಳಿ ಸಾರು ಇರುತ್ತದೆ. ಬಿಳಿಯದು ಅಣಬೆಯದೆಂದರೂ ಮೂಳೆ ಹಾಕಿ ಕುದಿಸಿರಬಹುದು, ಕೇಳಿ. ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಪಾತ್ರೆ ಕೊಡುವ ಅಂಗಡಿಗಳು ಮಿಶ್ರ ಗುಂಪಿಗೆ ಅನುಕೂಲ. ಅದ್ದಿಕೊಳ್ಳಲು ಎಳ್ಳೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ ಹಾಕಿಕೊಳ್ಳಿ; ಎಣ್ಣೆ ಖಾರವನ್ನು ತಣಿಸುತ್ತದೆ. ಕಮಲದ ದಂಟು, ಸೋಯಾ ಕೆನೆಹಾಳೆ, ಬೂದುಗುಂಬಳ, ಕಿವಿ ಅಣಬೆ ಕೆಂಪು ಸಾರಿಗೆ ಒಪ್ಪುತ್ತವೆ. ಎಲೆ ತರಕಾರಿಯನ್ನು ಮಾತ್ರ ಬಿಳಿ ಭಾಗಕ್ಕೇ ಹಾಕಿ, ಕೆಂಪಿನಲ್ಲಿ ಅದು ಸ್ಪಂಜಿನಂತೆ ಎಣ್ಣೆ ಹೀರಿ ಬಾಯಿ ಸುಡುತ್ತದೆ. ಕೆಂಪು ಸಾರನ್ನು ಯಾರೂ ಕುಡಿಯುವುದಿಲ್ಲ.

ಊಟದ ವೇಳೆ ಬೆಂಗಳೂರಿಗಿಂತ ಬೇಗ. ಮಧ್ಯಾಹ್ನ ಹನ್ನೊಂದೂವರೆ, ಸಂಜೆ ಆರು. ಗೋಡೆ ಮಾಸಿದ, ಮೇಜು ಬೀದಿಗೆ ಬಂದ, ಊರಿನವರೇ ಸಾಲು ನಿಂತ ಅಂಗಡಿಗಳನ್ನು “ನೊಣದ ಹೋಟೆಲು” ಎಂದು ಪ್ರೀತಿಯಿಂದ ಕರೆಯುತ್ತಾರೆ, ರುಚಿ ಅಲ್ಲೇ. ಟಿಪ್ಸ್ ಕೊಡುವ ರೂಢಿಯಿಲ್ಲ.

ಹೆಜ್ಜೆ 6: ಊರೊಳಗಿನ ಬೆಳಗುಗಳು

ಪಾಂಡಾ ಸಂವರ್ಧನಾ ಕೇಂದ್ರ 1987ರಲ್ಲಿ, ಕಾಡಿನಿಂದ ರಕ್ಷಿಸಿದ ಆರು ಪಾಂಡಾಗಳೊಂದಿಗೆ ಆರಂಭವಾಯಿತು. ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಟಿಕೆಟ್ ಮುಂಗಡ ಪಡೆದು, ಮೆಟ್ರೋ 3ನೆಯ ಮಾರ್ಗದ ಪಾಂಡಾ ಅವೆನ್ಯೂ ನಿಲ್ದಾಣದಲ್ಲಿ ಇಳಿದು ಬಸ್ ಹಿಡಿಯಿರಿ. ಬಾಗಿಲು ತೆರೆಯುವ ಏಳೂವರೆಗೇ ಅಲ್ಲಿರಬೇಕು. ಬೆಳಗಿನ ಬಿದಿರು ಮುಗಿದ ಮೇಲೆ ಪಾಂಡಾ ಮಾಡುವ ಕೆಲಸ ನಿದ್ದೆಯೊಂದೇ, ಮತ್ತು 26 ಡಿಗ್ರಿ ದಾಟಿದರೆ ಅವುಗಳನ್ನು ಹವಾನಿಯಂತ್ರಿತ ಕೋಣೆಗೆ ಸೇರಿಸುತ್ತಾರೆ. ಹೆಸರುವಾಸಿಯಾದ ಪಾಂಡಾದ ಮುಂದಿನ ಗಂಟೆಗಟ್ಟಲೆ ಸಾಲನ್ನು ಬಿಟ್ಟು ಕೆಂಪು ಪಾಂಡಾಗಳ ಕಡೆ ಹೋಗಿ. ಅವು ಓಡಾಡುತ್ತವೆ, ಜಗಳವಾಡುತ್ತವೆ, ನೋಡಲು ಏನಾದರೂ ಇರುತ್ತದೆ.

ಜಿನ್‌ಶಾ ವಸ್ತುಸಂಗ್ರಹಾಲಯ (7ನೆಯ ಮಾರ್ಗ) ಇರುವುದು 2001ರಲ್ಲಿ ಕಟ್ಟಡ ಕಾಮಗಾರಿಯ ವೇಳೆ ಸಿಕ್ಕ ಮೂರು ಸಾವಿರ ವರ್ಷ ಹಳೆಯ ನೆಲೆಯ ಮೇಲೆಯೇ. ರಾಶಿ ಆನೆದಂತಗಳು, ತೆಳು ಚಿನ್ನದ ಸೂರ್ಯಪಕ್ಷಿ ಇಲ್ಲಿವೆ. ಇದನ್ನು ನೋಡಿದ ಮರುದಿನವೇ ರೈಲಿನಲ್ಲಿ ಗ್ವಾಂಗ್‌ಹಾನ್‌ಗೆ ಹೋಗಿ ಸಾನ್‌ಷಿಂಗ್‌ದುಯ್ ನೋಡಿ. ಮುಂಚಾಚಿದ ಕಣ್ಣುಗಳ ಕಂಚಿನ ಮುಖವಾಡಗಳು, ಸುಮಾರು ನಾಲ್ಕು ಮೀಟರ್ ಎತ್ತರದ ಕಂಚಿನ ಮರ. ಎಲ್ಲವನ್ನೂ ಒಡೆದು, ಸುಟ್ಟು, ಗುಂಡಿಗಳಲ್ಲಿ ಹೂತಿದ್ದರು. ಏಕೆಂದು ಹೇಳುವ ಒಂದು ಸಾಲು ಬರಹವನ್ನೂ ಆ ಜನ ಬಿಟ್ಟುಹೋಗಿಲ್ಲ. 2023ರಲ್ಲಿ ತೆರೆದ ಹೊಸ ಕಟ್ಟಡಕ್ಕೆ ಅರ್ಧ ದಿನವಾದರೂ ಬೇಕು. ಟಿಕೆಟ್ ಬೇಗ ಮುಗಿಯುತ್ತದೆ, ಕೆಲವು ದಿನ ಮೊದಲೇ ಕಾಯ್ದಿರಿಸಿ.

ದಂಗೆಯಿಂದ ತಪ್ಪಿಸಿಕೊಂಡು ಬಂದ ಕವಿ ದು ಫು 8ನೆಯ ಶತಮಾನದಲ್ಲಿ ನಾಲ್ಕು ವರ್ಷದಷ್ಟು ಕಾಲ ಇದ್ದು 240ರಷ್ಟು ಕವಿತೆ ಬರೆದ ಹುಲ್ಲುಮನೆಯ ಜಾಗ ಈಗ ದೊಡ್ಡ ತೋಟ. ಮನೆ ಮರುನಿರ್ಮಾಣದ್ದು, ಬಿದಿರಿನ ನೆರಳು ಅಸಲಿ. ಚೀನಾ ಮೂರು ರಾಜ್ಯಗಳಾಗಿ ಒಡೆದಿದ್ದ ಕಾಲದ ಮಂತ್ರಿ ಝುಗೆ ಲಿಯಾಂಗ್‌ನ ನೆನಪಿನ ವೂಹೌ ದೇಗುಲದಲ್ಲಿ ಕೆಂಪು ಗೋಡೆಯ ಬಿದಿರು ದಾರಿ ಇದೆ. ಅದಕ್ಕೆ ಅಂಟಿಕೊಂಡ ಜಿನ್‌ಲಿ ಬೀದಿ, ಮತ್ತೊಂದು ಕಡೆಯ ಕ್ವಾನ್‌ಝಾಯ್ ಓಣಿಗಳು ಈಗ ಪೂರ್ತಿ ಅಂಗಡಿ ಬೀದಿಗಳು. ಬೆಳಗ್ಗೆ ಎಂಟರೊಳಗೆ ನಡೆದು ಬನ್ನಿ, ತಿಂಡಿಯನ್ನು ಬೇರೆಡೆ ತಿನ್ನಿ.

ಹೆಜ್ಜೆ 7: ಊರಾಚೆಗೆ

ಒಂದೇ ಒಂದು ಕಡೆ ಹೋಗಲು ಸಮಯವಿದೆ ಎಂದರೆ ದುಜಿಯಾಂಗ್ಯಾನ್‌ಗೆ ಹೋಗಿ. 2ನೆಯ ಮಾರ್ಗದ ಮೆಟ್ರೋದಲ್ಲಿ ಶೀಪು, ಅಲ್ಲಿಂದ ಅರ್ಧ ಗಂಟೆಯ ರೈಲು. ಕ್ರಿಸ್ತಪೂರ್ವ 256ರ ಸುಮಾರಿಗೆ ಲಿ ಬಿಂಗ್ ಎಂಬ ಆಡಳಿತಾಧಿಕಾರಿ ಮಿನ್ ನದಿಗೆ ಅಡ್ಡಗಟ್ಟೆ ಕಟ್ಟದೆಯೇ ಅದನ್ನು ಪಳಗಿಸಿದ. ಮೀನಿನ ಮೂತಿಯಂಥ ದಂಡೆಯೊಂದು ನದಿಯನ್ನು ಒಳಗಾಲುವೆ, ಹೊರಗಾಲುವೆ ಎಂದು ಸೀಳುತ್ತದೆ. ಒಳಗಾಲುವೆ ಆಳ, ಹೊರಗಾಲುವೆ ಅಗಲ. ಆದ್ದರಿಂದ ನೀರು ಕಡಿಮೆಯಿರುವಾಗ ಹೆಚ್ಚು ಪಾಲು ಒಳಗಾಲುವೆಯಲ್ಲಿ ಗದ್ದೆಗಳ ಕಡೆ, ನೆರೆಯಲ್ಲಿ ಹೆಚ್ಚು ಪಾಲು ಹೊರಕ್ಕೆ ತಾನಾಗಿ ಹೋಗುತ್ತದೆ. ಮುಂದಿನ ತಗ್ಗು ಕೋಡಿಯ ಮೇಲೆ ಹೆಚ್ಚಾದ ನೀರು, ಮರಳು ಹಾರಿಹೋಗುತ್ತವೆ. ಕೊನೆಯ ಕುತ್ತಿಗೆಯಂಥ ದಾರಿಯನ್ನು, ಸಿಡಿಮದ್ದಿಲ್ಲದ ಕಾಲದಲ್ಲಿ, ಬಂಡೆಯನ್ನು ಬೆಂಕಿಯಿಂದ ಕಾಯಿಸಿ ನೀರೆರಚಿ ಬಿರುಕುಗೊಳಿಸಿ ಕೊರೆದರಂತೆ. ಚೆಂಗ್ಡು ಬಯಲಿನ ಗದ್ದೆಗಳಿಗೆ ಇಂದೂ ಇದೇ ನೀರು. ಟ್ಯಾಕ್ಸಿ ಹಿಡಿದು ಮೇಲಿನ ಬಾಗಿಲಿಗೆ ಹೋಗಿ, ಎತ್ತರದಿಂದ ಇಡೀ ರಚನೆಯನ್ನು ಒಮ್ಮೆ ನೋಡಿ, ಎರ್‌ವಾಂಗ್ ದೇಗುಲ, ತೂಗುಸೇತುವೆ ದಾಟಿ ಕೆಳಗೆ ಲಿದುಯ್ ಉದ್ಯಾನದಿಂದ ಹೊರಬನ್ನಿ. ಕೆಳಗಿನಿಂದ ಶುರುಮಾಡಿದರೆ ಮೆಟ್ಟಿಲೂ ಹೆಚ್ಚು, ಅರ್ಥವಾಗುವುದೂ ತಡ. ಪಕ್ಕದ ಚಿಂಗ್‌ಚೆಂಗ್ ದಾವೋ ಪಂಥದ ಬೆಟ್ಟ. ಅದಕ್ಕೆ ಇನ್ನೊಂದು ದಿನ.

ಲೆಶಾನ್ ಬುದ್ಧನಿಗೆ ವೇಗದ ರೈಲಿನಲ್ಲಿ ಒಂದು ಗಂಟೆ. ಮೂರು ನದಿಗಳು ಕೂಡುವಲ್ಲಿ ದೋಣಿಗಳು ಮುಳುಗುತ್ತಿದ್ದವೆಂದು ಹಾಯ್‌ತೊಂಗ್ ಎಂಬ ಭಿಕ್ಷು 713ರಲ್ಲಿ ಬಂಡೆ ಕಡೆಯಲು ಆರಂಭಿಸಿದ. ಮುಗಿದದ್ದು ಅವನು ಸತ್ತ ಎಷ್ಟೋ ವರ್ಷಗಳ ಮೇಲೆ, 803ರಲ್ಲಿ. ಎತ್ತರ 71 ಮೀಟರ್. ಪಾದದವರೆಗಿನ ಮೆಟ್ಟಿಲಿಗೆ ರಜಾದಿನಗಳಲ್ಲಿ ಗಂಟೆಗಟ್ಟಲೆ ಸಾಲು. ಮೊಣಕಾಲು ನೋವಿನವರಿಗೆ ದೋಣಿಯೇ ಸರಿ, ಪೂರ್ತಿ ಮೂರ್ತಿ ಕಾಣುವುದೂ ಅಲ್ಲಿಂದಲೇ. ರಾತ್ರಿ ಎಮೇ ಬೆಟ್ಟದ ಬುಡದಲ್ಲಿ ತಂಗಿ, ಮರುದಿನ ಬಸ್ ಮತ್ತು ಕೇಬಲ್ ಕಾರಿನಲ್ಲಿ 3,000 ಮೀಟರ್ ಮೀರಿದ ಸ್ವರ್ಣಶಿಖರಕ್ಕೆ ಹೋಗಿ. ಬೇಸಿಗೆಯಲ್ಲೂ ಸ್ವೆಟರ್ ಬೇಕು. ಇಳಿಯುವಾಗ ವಾನ್ನಿಯಾನ್ ದೇಗುಲದಲ್ಲಿ 980ರಲ್ಲಿ ಎರಕ ಹೊಯ್ದ, ಆರು ದಂತದ ಆನೆಯೇರಿದ ಸಮಂತಭದ್ರ ಬೋಧಿಸತ್ವನನ್ನು ನೋಡಿ. ಕೋತಿಗಳ ಮುಂದೆ ಕೈಚೀಲ ತೆರೆಯಬೇಡಿ.

ಜಿಯುಝಾಯ್‌ಗೌ ಕಣಿವೆಯ ಬಣ್ಣದ ಕೊಳಗಳಿಗೆ ಅಕ್ಟೋಬರ್ ಕೊನೆ ಒಳ್ಳೆಯ ಕಾಲ. 2024ರಿಂದ ಅತ್ತ ವೇಗದ ರೈಲು ಓಡುತ್ತಿದೆ, ನಿಲ್ದಾಣದಿಂದ ಮುಂದೆ ಬಸ್. ಎರಡು ರಾತ್ರಿಯಾದರೂ ಬೇಕು.

ಹೆಜ್ಜೆ 8: ಕೊನೆಯ ವಾರದ ಖರೀದಿ

ಹ್ವಾಜಿಯಾವ್ ಅನ್ನು ಪ್ರವಾಸಿ ಬೀದಿಯಲ್ಲಿ ಕೊಳ್ಳಬೇಡಿ. ಬಡಾವಣೆಯ ತರಕಾರಿ ಮಾರುಕಟ್ಟೆಯಲ್ಲಿ, ಕಪ್ಪು ಬೀಜ ಕಡಿಮೆ ಇರುವ, ಬಿರಿದ ಸಿಪ್ಪೆಯದನ್ನು ಮೂಸಿ ಆರಿಸಿ. ಹಾನ್‌ಯುವಾನ್ ಊರಿನದಕ್ಕೆ ಹೆಚ್ಚು ಬೆಲೆ, ಹೆಚ್ಚು ಮಾನ. ಗಾಳಿ ತೆಗೆದು ಮುಚ್ಚಿಕೊಡಲು ಕೇಳಿ. ದೌಬಾನ್ ಗೊಜ್ಜನ್ನು ಗಾಜಿನ ಬಾಟಲಿಯ ಬದಲು ಪೊಟ್ಟಣದಲ್ಲಿ ತೆಗೆದುಕೊಂಡು, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ. ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದ ತಪಾಸಣೆಯವರು ದ್ರವವೆಂದು ತೆಗೆದಿಡುತ್ತಾರೆ.